ಇಪ್ಪತ್ತು ಬೋಲ್ಟುಗಳ ಸುಪ್ರಭಾತ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಟಾರ್ಕ್ ವ್ರೆಂಚಿನ ಹಣೆಗೆ ಕುಂಕುಮ ಬಿತ್ತು. ಕೆಲಸ ಕೆಡಲು ಶುರುವಾದದ್ದು ಅಲ್ಲಿಂದ. ನಿಮಿಷದ ಲೆಕ್ಕ ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದರೆ, ಆ ಗಳಿಗೆಯ ಫೋಟೋ ನನ್ನ ಫೋನಿನಲ್ಲಿದೆ. ಮನೆಮಂದಿಯ ಗ್ರೂಪಿಗೆ ಹಾಕಲೆಂದು ನಾನೇ ತೆಗೆದದ್ದು. ವ್ರೆಂಚಿಗೆ ಹಣೆ ಎಲ್ಲಿರುತ್ತದೆ ಎಂದು ಕೇಳಬೇಡಿ. ನಮ್ಮ ಭಾವನ ಮನೆಯಲ್ಲಿ ಎಲ್ಲದಕ್ಕೂ ಹಣೆ ಇರುತ್ತದೆ: ಮಿಕ್ಸಿಗೆ, ಲ್ಯಾಪ್‌ಟಾಪಿಗೆ, ಇಸ್ತ್ರಿಪೆಟ್ಟಿಗೆಗೆ. ಇಲ್ಲದಿರುವುದು ಅವರಿಗೆ ಮಾತ್ರ. ಕೂದಲು ಉದುರಿ ಹಣೆ ಎಲ್ಲಿ ಮುಗಿಯಿತು, ತಲೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಈಗ ಕಷ್ಟ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ಈಗ ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನಲ್ಲಿ ಮನೆ, ಪಕ್ಕದ ಐಂಡ್‌ಹೋವನ್‌ನಲ್ಲಿ ಎಂಜಿನಿಯರ್ ಕೆಲಸ. ನಾನು ಅದೇ ಐಂಡ್‌ಹೋವನ್‌ನಲ್ಲಿ ಪಿಎಚ್‌ಡಿ ಮಾಡುತ್ತಾ, ಬಿಡುವಾದಾಗಲೆಲ್ಲ ಅಕ್ಕನ ಮನೆಯ ಸಾರನ್ನ ಹುಡುಕಿಕೊಂಡು ಸೈಕಲ್ ತುಳಿಯುವವಳು. ಭಾವನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಒಂದು ಜೊತೆ ಚಪ್ಪಲಿಯ ಎರಡೂ ಕಾಲನ್ನು ಒಂದೇ ಅಂಗಡಿಯಲ್ಲಿ ಕೊಳ್ಳುವುದು ಸೋಮಾರಿತನ ಎಂದು ನಂಬಿರುವ ಮನುಷ್ಯ ಭೂಮಿಯ ಮೇಲೆ ಅವರೊಬ್ಬರೇ.

ಸುಳ್ಳಲ್ಲ. ಅವರ ಊಟದ ಮೇಜಿನ ಸುತ್ತ ಆರು ಕುರ್ಚಿ, ಆರೂ ಬೇರೆ ಬೇರೆ ಊರಿನವು. ಜನ ಬಳಸಿ ಬಿಟ್ಟದ್ದನ್ನು ಆನ್‌ಲೈನಿನಲ್ಲಿ ಹುಡುಕಿ, ಆಯಾ ಊರಿಗೇ ಹೋಗಿ, ಅಲುಗಾಡಿಸಿ ನೋಡಿ ತಂದವು. ಕುರ್ಚಿಗಳಿಗೆ ಊರಿನದೇ ಹೆಸರು. "ನೀನು ಟಿಲ್ಬರ್ಗ್ ಮೇಲೆ ಕೂತ್ಕೋ, ಬ್ರೆಡಾದ ಹಿಂದಿನ ಕಾಲು ಸ್ವಲ್ಪ ಸಡಿಲ," ಅನ್ನುತ್ತಾರೆ. ಹೊಸಬರು ಊಟಕ್ಕೆ ಬಂದರೆ ಗಾಬರಿಯಾಗುತ್ತಾರೆ.

ಇಂಥವರ ಕಾರಿಗೆ ಚಳಿಗಾಲದ ಟೈರ್ ಬೇಕಾಯಿತು.

ಕಾರಣ ಅಕ್ಕ. ಊರಿನಲ್ಲಿ ಹಾಲು ಪರೀಕ್ಷಿಸುವ ಲ್ಯಾಬಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವಳು ಇಲ್ಲಿಗೆ ಬಂದು ಆರು ವರ್ಷ ಮನೆಯಲ್ಲಿ ಕೂತಿದ್ದಳು. ಮಗಳು ಹುಟ್ಟಿದಳು, ಡಚ್ ಕಲಿತದ್ದಾಯಿತು, ಅರ್ಜಿ ಹಾಕಿ ಹಾಕಿ ಕೈ ಸೋತಿತು. ಕೊನೆಗೊಂದು ಲ್ಯಾಬು ಕರೆಯಿತು. ಆದರೆ ಅದು ಇದ್ದದ್ದು ಲಿಂಬರ್ಗ್‌ನ ತೆಂಕಣ ತುದಿಯಲ್ಲಿ. ಈ ದೇಶದಲ್ಲಿ ಗುಡ್ಡ ಅನ್ನುವುದು ಇರುವುದೇ ಅಲ್ಲಿ. ಅಕ್ಕನಿಗೆ ಕೆಲಸ ಸಿಕ್ಕಿದ್ದೂ ಅಲ್ಲೇ. ಬೆಳಿಗ್ಗೆ ಏಳಕ್ಕೆ ಪಾಳಿ. ಅಷ್ಟು ಹೊತ್ತಿಗೆ ತಲುಪಿಸುವ ರೈಲಿಲ್ಲ. ಕತ್ತಲಲ್ಲೇ ಎದ್ದು ಒಂದು ಗಂಟೆ ಕಾರು ಓಡಿಸಬೇಕು. ನವೆಂಬರ್ ಮೊದಲ ವಾರ ಸೇರಬೇಕು.

"ಏಳು ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರು ಟೈರಲ್ಲ, ಕಲ್ಲು," ಎಂದರು ಭಾವ. "ಟೈರಿಲ್ಲದೆ ಇವಳನ್ನ ಕಳಿಸಲ್ಲ."

"ಎಲ್ಲ ಋತುವಿಗೂ ಆಗೋ ಟೈರ್ ಸಿಗುತ್ತಲ್ಲ ಭಾವ, ಅದನ್ನೇ ಹಾಕ್ಸಿ," ಎಂದೆ.

"ಉಪ್ಪಿಟ್ಟಿಗೂ ಪಾಯಸಕ್ಕೂ ಒಂದೇ ಸೌಟು ಅಂತೀಯ. ಡಾಕ್ಟ್ರಮ್ಮ, ನೀನು ಥೀಸಿಸ್ ಬರಿ."

ಟೈರ್ ಅಂಗಡಿಗೂ ಹೋದರು. ರಿಮ್ಮು ಸಮೇತ ನಾಲ್ಕು ಹೊಸ ಚಕ್ರಕ್ಕೆ ಅಲ್ಲಿ ಬರೆದುಕೊಟ್ಟ ಬೆಲೆಯ ಚೀಟಿಯನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಬಂದರು. "ಫ್ರೇಮ್ ಹಾಕಿಸ್ಬೇಕು," ಅಂದರು.

ಆಮೇಲೆ ಶುರುವಾಯಿತು ನೋಡಿ ವಧೂವರಾನ್ವೇಷಣೆ. ಭಾವನ ಸಿದ್ಧಾಂತ ಸರಳ. ಉಕ್ಕಿಗೆ ವಯಸ್ಸಾಗುವುದಿಲ್ಲ, ರಬ್ಬರಿಗೆ ಆಗುತ್ತದೆ. ಆದ್ದರಿಂದ ಹಳೆಯ ಉಕ್ಕಿನ ರಿಮ್ಮು, ಅದರ ಮೇಲೆ ಎಳೆಯ ರಬ್ಬರು. ಅಳತೆ ಒಂದು ಇಂಚು ಚಿಕ್ಕದಾದರೆ ಬೆಲೆ ಇನ್ನೂ ಇಳಿಯುತ್ತದೆ, ಕಾರೂ ಒಪ್ಪುತ್ತದೆ. "ಇನ್ನೂರೈದು, ಐವತ್ತೈದು, ಹದಿನಾರು" ಎಂದು ಮೂರು ಹೊತ್ತೂ ಜಪಿಸುತ್ತಿದ್ದರು. ಐದು ವರ್ಷದ ಮಗಳು ಪುಟ್ಟಿ ಅದನ್ನು ಕೇಳಿ ಕೇಳಿ, ಶಾಲೆಯಲ್ಲಿ ಮನೆಯ ಫೋನ್ ನಂಬರ್ ಕೇಳಿದಾಗ ಇದನ್ನೇ ಒಪ್ಪಿಸಿ ಬಂದಳು.

ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದಂತೆ. ಮೊದಲೆರಡು ಹುಟ್ಟಿದ ವಾರ, ಕೊನೆಯೆರಡು ಹುಟ್ಟಿದ ವರ್ಷ. ಭಾವ ಮಾರುವವರಿಗೆಲ್ಲ ಅದರ ಫೋಟೋ ಕಳಿಸಲು ಹೇಳಿ, ಸಂಜೆ ಅಮ್ಸ್ಟರ್ಡಾಂ ಕುರ್ಚಿಯಲ್ಲಿ ಕೂತು ಜಾತಕ ನೋಡುತ್ತಿದ್ದರು. "ಮುಂದಿನ ಎರಡೂ ಒಂದೇ ವಯಸ್ಸು, ಒಂದೇ ಕುಲ, ಒಂದೇ ಸವೆತ ಇರ್ಬೇಕು. ಹಿಂದಿನವು ಬೇರೆ ಜೋಡಿ ಆದ್ರೂ ಚಿಂತೆಯಿಲ್ಲ, ಅವೆರಡು ಹೊಂದಿಕೊಂಡಿದ್ರೆ ಸಾಕು. ಇಲ್ದಿದ್ರೆ ಸಂಸಾರ ಒಂದೇ ಕಡೆಗೆ ಎಳೆಯುತ್ತೆ."

"ನಮ್ಮ ಜಾತಕಾನ ಇಷ್ಟು ನೋಡಿರ್ಲಿಲ್ಲ," ಎಂದಳು ಅಕ್ಕ.

"ನೋಡಿದ್ರೆ ನೀನು ಸಿಗ್ತಿರ್ಲಿಲ್ಲ."

ಒಂಬತ್ತು ಸಂಬಂಧ ಮುರಿದವು. ಒಂದಕ್ಕೆ ವಯಸ್ಸು ಮೀರಿತ್ತು, ಒಂದರ ಮೈ ಬಿರುಕು ಬಿಟ್ಟಿತ್ತು, ಒಂದು ಚಳಿಗಾಲದ್ದೇ ಆಗಿರಲಿಲ್ಲ. ಚಳಿಗಾಲದ ಟೈರಿನ ಪಕ್ಕೆಗೆ ಒತ್ತಿರುವ, ಬೆಟ್ಟದ ನಡುವಿನ ಹಿಮದ ಹೂವಿನ ಗುರುತು ಇಲ್ಲದ್ದನ್ನು ಭಾವ ಮುಟ್ಟಿಯೂ ನೋಡುತ್ತಿರಲಿಲ್ಲ. ಜಿಪುಣರು ನಿಜ, ಆದರೆ ಅಜಾಗರೂಕರಲ್ಲ. ಇದನ್ನು ನೀವು ನೆನಪಿನಲ್ಲಿಡಬೇಕು.

ಹತ್ತನೆಯ ಸಂಬಂಧ ಆಮರ್ಸ್‌ಫೋರ್ಟ್‌ನಲ್ಲಿ. ಮಾರುವವನು ಎಳೆಗೂಸನ್ನು ಎದೆಗೆ ಕಟ್ಟಿಕೊಂಡು ಬಾಗಿಲು ತೆರೆದ. ಭಾವ ನೇರ ಹೋಗಿ ಅವನ ಅಂಗಳದಲ್ಲಿ ಹೊಟ್ಟೆಯ ಮೇಲೆ ಮಲಗಿ, ಟೈರಿನ ಸಂದಿಯಲ್ಲಿ ನಾಣ್ಯ ತೂರಿಸಿ ಆಳ ನೋಡತೊಡಗಿದರು. ಇಪ್ಪತ್ತು ನಿಮಿಷವಾಯಿತು. ಅವನು ನನ್ನ ಬಳಿ ಬಂದು ಮೆಲ್ಲಗೆ, ನಿಮ್ಮವರು ಆರಾಮಾಗಿದ್ದಾರಲ್ಲ, ಎಂದು ಕೇಳಿದ. ಮಗು ಅಷ್ಟು ಹೊತ್ತೂ ಭಾವನನ್ನೇ ನೋಡುತ್ತಿತ್ತು, ಒಮ್ಮೆಯೂ ಅಳಲಿಲ್ಲ. ಅಷ್ಟಕ್ಕೇ ಅವನು ಬೆಲೆ ಇಳಿಸಿದ. ನಾಲ್ಕರಲ್ಲಿ ಎರಡನ್ನು ಭಾವ ತಿರಸ್ಕರಿಸಿದರು, ಪಕ್ಕೆ ಉಬ್ಬಿತ್ತಂತೆ. ಎರಡನ್ನು ತಂದೆವು.

ಉಳಿದೆರಡು ಜೂಟರ್‌ಮೀರ್‌ನ ಒಬ್ಬ ಮುದುಕಿಯ ಬಳಿ. ಗಂಡ ತೀರಿಕೊಂಡು ವರ್ಷವಾಗಿತ್ತು. ಅವರ ಕಾರು ಒಮ್ಮೆ ಫುಟ್‌ಪಾತಿನ ಅಂಚಿಗೆ ಬಡಿದು ಬಲಗಡೆಯ ಚಕ್ರಗಳೆರಡು ಹಾಳಾಗಿದ್ದವಂತೆ. ಉಳಿದ ಎಡಗಡೆಯವನ್ನು ತೊಳೆದು, ಒರೆಸಿ, ಚೀಲದಲ್ಲಿ ಕಟ್ಟಿ, "ಎಡ ಮುಂದೆ", "ಎಡ ಹಿಂದೆ" ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದು ಗಂಡನೇ. ಭಾವ ಅವತ್ತು ಮಲಗಲಿಲ್ಲ, ನಾಣ್ಯ ತೆಗೆಯಲಿಲ್ಲ, ಬೆಲೆ ಇಳಿಸಲೂ ಇಲ್ಲ. ನಾನು ಕಂಡಂತೆ ಅದೇ ಮೊದಲು.

ಹೊರಡುವಾಗ ಆಕೆ ಒಂದು ಉದ್ದನೆಯ ಪೆಟ್ಟಿಗೆ ತಂದು ಕೊಟ್ಟರು. ಒಳಗಿದ್ದದ್ದು ಟಾರ್ಕ್ ವ್ರೆಂಚು: ಬೋಲ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಎಂದು ಸದ್ದು ಮಾಡುವ ಉದ್ದ ಹಿಡಿಯ ಸ್ಪ್ಯಾನರ್. ಪೆಟ್ಟಿಗೆಯ ಮುಚ್ಚಳದೊಳಗೆ ಅದೇ ಪೆನ್ಸಿಲಿನ ಅಕ್ಷರದಲ್ಲಿ ಒಂದು ಚೀಟಿ: "ಐವತ್ತು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ."

"ಪ್ರತಿ ವರ್ಷ ಅವನು ಹೊರಗೆ ಬಿಗಿ ಮಾಡುತ್ತಿದ್ದ, ನಾನು ಅಡುಗೆಮನೆಯಲ್ಲಿ ನಿಂತು ಎಣಿಸುತ್ತಿದ್ದೆ," ಎಂದರು ಆಕೆ. "ಇಪ್ಪತ್ತು ಕ್ಲಿಕ್ ಆದರೆ ಚಳಿಗಾಲಕ್ಕೆ ತಯಾರು ಅಂತ."

ಭಾವ ಬ್ರೆಡಾ ಊರು ದಾಟುವಾಗ, "ಈ ಸಲ ಆಯುಧಪೂಜೆಗೆ ನಡುವೆ ಇಡೋದು ಇದನ್ನೇ," ಎಂದರು.

ಆಯುಧಪೂಜೆ ಭಾವನಿಗೆ ತಮಾಷೆಯ ವಿಷಯವಲ್ಲ. ಮೈಸೂರಿನಲ್ಲಿ ಅವರಪ್ಪನದು ಸೈಕಲ್ ರಿಪೇರಿ ಅಂಗಡಿ. ಒಮ್ಮೆ ಪೂಜೆಗಿಟ್ಟ ಮೇಲೆ ಸ್ಪ್ಯಾನರನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. "ವರ್ಷವೆಲ್ಲ ದುಡಿಯೋದಕ್ಕೆ ಒಂದು ದಿನ ರಜ ಕೊಡದವನು ಎಂಥ ಯಜಮಾನ?" ಎಂದು ಹೇಳುತ್ತಿದ್ದರಂತೆ ಅವರಪ್ಪ. ಕಾರಿಗೆ ಮಾತ್ರ ರಜವಿಲ್ಲ. ಅದು ನಿಂಬೆಹಣ್ಣಿನ ಮೇಲೆ ಹತ್ತಿ ಒಂದು ಸುತ್ತು ಹೋಗಿ ಬರಬೇಕು.

ಆ ಶುಕ್ರವಾರ ಮಕ್ಕಳಿಗೆ ಶರತ್ಕಾಲದ ರಜೆ. ಭಾವನೂ ರಜೆ ಹಾಕಿದ್ದರು. ಬೆಳಿಗ್ಗೆ ಎಂಟಕ್ಕೇ ಮನೆಯ ಮುಂದೆ ಜಾಕ್ ಕೊಟ್ಟು ಚಕ್ರ ಬದಲಿಸಲು ಕೂತರು. ನಾನು ಬೋಲ್ಟು ಕೊಡುವ ಸಹಾಯಕಿ. ಒಂದು ಚಕ್ರಕ್ಕೆ ಐದು ಬೋಲ್ಟು, ಐದು ಕ್ಲಿಕ್. ಮೂರು ಚಕ್ರ ಮುಗಿಯಿತು. ನಾಲ್ಕನೆಯದು ಎಡ ಹಿಂದೆ. ಬೋಲ್ಟುಗಳನ್ನು ಬೆರಳಿನಲ್ಲಿ ತಿರುಗಿಸಿ ಕೂರಿಸಿದ್ದಾಗಿತ್ತು. ಅಷ್ಟರಲ್ಲಿ ಒಳಗಿನಿಂದ ಅಕ್ಕ, "ರೀ, ಹತ್ತೂವರೆಗೆ ರಾಹುಕಾಲ, ಅದೇನೇನು ಇಡೋದಿದೆಯೋ ಬೇಗ ತನ್ನಿ," ಎಂದು ಕೂಗಿದಳು. ವ್ರೆಂಚು ಪೂಜೆಗೆ ಹೋಯಿತು. ಪುಟ್ಟಿ ಕುಂಕುಮ ಇಟ್ಟಳು. ಹತ್ತು ಹದಿನೇಳು.

ಮಂಗಳಾರತಿಯಾದ ಮೇಲೆ ನಾಲ್ಕೂ ಚಕ್ರಕ್ಕೆ ಅರಿಸಿನ, ಕುಂಕುಮ, ಸೇವಂತಿಗೆ. ಅಡಿಯಲ್ಲೊಂದೊಂದು ನಿಂಬೆಹಣ್ಣು. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಬಹಳ ಹೊತ್ತು ನೋಡಿ, "ಇದು ಮಾರ್ಟರಿಗಾ?" ಎಂದು ಕೇಳಿದರು. ಮಾರ್ಟರ್ ಅಂದರೆ ಕಾರಿನ ಬಾನೆಟ್ಟಿನೊಳಗೆ ನುಗ್ಗಿ ವೈರು ಕಡಿಯುವ, ಮುಂಗುಸಿಯಂಥ ಪ್ರಾಣಿ. ಇಲ್ಲಿ ಎಲ್ಲರಿಗೂ ಅದರದೇ ಕಾಟ.

"ಅದಕ್ಕೂ ಆಗುತ್ತೆ," ಎಂದರು ಭಾವ.

ಮರುದಿನ ಅಜ್ಜನ ಕಾರಿನ ಕೆಳಗೂ ನಾಲ್ಕು ನಿಂಬೆಹಣ್ಣು ಇದ್ದವು.

ನಮ್ಮ ಕಾರಿನ ನಿಂಬೆಹಣ್ಣು ಅವತ್ತೇ ಪಚಕ್ ಎಂದವು. ಅಕ್ಕ ಪುಳಿಯೋಗರೆ ಕಲಸಲು ಮನೆಯಲ್ಲೇ ಉಳಿದಳು. ಭಾವ, ನಾನು, ಹಿಂದೆ ಎಡಗಡೆ ತನ್ನ ಸೀಟಿನಲ್ಲಿ ಪುಟ್ಟಿ. "ಡೆನ್ ಬಾಸ್‌ವರೆಗೆ ಹೋಗಿ ಬರೋಣ, ಸರಿಯಾಗಿ ಐವತ್ತು ಕಿಲೋಮೀಟರ್ ಆಗುತ್ತೆ," ಎಂದರು ಭಾವ. "ಚೀಟಿಯಲ್ಲಿ ಬರೆದ ಹಾಗೆ ನಾಳೆ ಮತ್ತೆ ಬಿಗಿ ಮಾಡಿಬಿಡೋಣ." ಎಂಥ ಶಿಸ್ತು ನೋಡಿ. ಎರಡನೆಯ ಸಲ ಬಿಗಿ ಮಾಡುವುದು ನೆನಪಿತ್ತು. ನಾಲ್ಕನೆಯ ಚಕ್ರಕ್ಕೆ ಮೊದಲ ಸಲವೇ ಆಗಿಲ್ಲ ಎನ್ನುವುದು ಯಾರಿಗೂ ನೆನಪಿರಲಿಲ್ಲ.

ಹೆದ್ದಾರಿ ಹತ್ತಿ ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು. ಡಬ್, ಡಬ್.

"ಏನದು ಭಾವ?"

"ನಿಂಬೆಹಣ್ಣಿನ ಸಿಪ್ಪೆ ಅಂಟಿಕೊಂಡಿರ್ಬೇಕು. ಉದುರುತ್ತೆ ಬಿಡು."

ಡಬ್ ಡಬ್ ಡಬ್. ಪುಟ್ಟಿ ಡಚ್ಚಿನಲ್ಲಿ, ಪಪ್ಪಾ, ನನ್ನ ಕೆಳಗೆ ಯಾರೋ ಬಾಗಿಲು ತಟ್ತಿದ್ದಾರೆ, ಎಂದಳು. ನಾನು ನಕ್ಕೆ. ಈಗ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಆ ನಗು.

ಮರುಗಳಿಗೆ ಕಾರಿನ ಹಿಂಭಾಗ ಬಾಲ ಅಲ್ಲಾಡಿಸಿದಂತೆ ತೂಗಿತು. ಬಲಕ್ಕೆ ಲಾರಿ. ಅದರ ಚಕ್ರ ನನ್ನ ಕಿಟಕಿಯಷ್ಟೇ ಎತ್ತರವಿತ್ತು. ಅದರ ಬೋಲ್ಟುಗಳನ್ನು ನಾನು ಎಣಿಸಬಹುದಿತ್ತು, ಎಣಿಸಿದೆ ಕೂಡ. ಹತ್ತು. ಭಯವಾದಾಗ ಮನಸ್ಸು ಎಂಥೆಂಥ ಕೆಲಸ ಹುಡುಕಿಕೊಳ್ಳುತ್ತದೆ!

ಭಾವ ಬ್ರೇಕ್ ತುಳಿಯಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಪುಟ್ಟಿಗೆ ಕತೆ ಹೇಳುವ ದನಿಯಲ್ಲಿ, "ಪುಟ್ಟಿ, ಕೆಂಪು ಲಾರಿ ಎಷ್ಟು ಬರುತ್ತೆ ಎಣಿಸು ನೋಡೋಣ," ಎಂದರು. ಅವಳು "ಏನ್, ಟ್ವೇ" ಎಂದು ಡಚ್ಚಿನಲ್ಲಿ ಎಣಿಸುತ್ತಿದ್ದಂತೆ ಲಾರಿಯನ್ನು ಮುಂದೆ ಬಿಟ್ಟು, ಮೆಲ್ಲಗೆ, ಮೆಲ್ಲಗೆ, ರಸ್ತೆಯ ಬಲ ಅಂಚಿನ ತುರ್ತು ಪಟ್ಟಿಗೆ ಕಾರನ್ನು ತಂದು ನಿಲ್ಲಿಸಿದರು. ಮೂರು ಕೆಂಪು ಲಾರಿ ಆಗಿತ್ತು. ಬಲಬಾಗಿಲಿನಿಂದ ಪುಟ್ಟಿಯನ್ನು ಎತ್ತಿಕೊಂಡು ತಡೆಬೇಲಿಯ ಆಚೆ ದಾಟಿಸಿ, ನನ್ನ ಕೈ ಹಿಡಿದು ದಾಟಿಸಿ, ಆಮೇಲೆ ಅವರು ಹುಲ್ಲಿನ ಮೇಲೆ ಕೂತರು.

ನೆರವಿನ ಗಾಡಿಯವನು ಬಂದ. ಐದರಲ್ಲಿ ಮೂರು ಬೋಲ್ಟು ಉದುರಿಹೋಗಿದ್ದವು. ಉಳಿದೆರಡು ಅವನ ಬೆರಳಿಗೇ ಬಂದವು. ಅರಿಸಿನ, ಕುಂಕುಮ, ಅಷ್ಟಾದರೂ ಕಚ್ಚಿಕೊಂಡಿದ್ದ ಒಂದು ಸೇವಂತಿಗೆ ಎಸಳು, ಎಲ್ಲವನ್ನೂ ನೋಡಿದ.

"ಅಲಂಕಾರ ಚೆನ್ನಾಗಿದೆ," ಎಂದ. "ಬಿಗಿ ಮಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು."

ತನ್ನ ಡಬ್ಬಿಯಿಂದ ಮೂರು ಬೋಲ್ಟು ಹಾಕಿ ಐದನ್ನೂ ಬಿಗಿ ಮಾಡಿಕೊಟ್ಟ. ಮನೆಗೆ ಹೋಗುವವರೆಗೆ ಪಪ್ಪ ಯಾಕೆ ಇಷ್ಟು ನಿಧಾನ ಓಡಿಸುತ್ತಿದ್ದಾರೆ ಎಂದು ಪುಟ್ಟಿ ಕೇಳುತ್ತಲೇ ಇದ್ದಳು.

ಭಾವ ಅಕ್ಕನಿಗೆ ಎಲ್ಲ ಹೇಳಿದರು. ಮುಚ್ಚಿಡಲಿಲ್ಲ. "ನಾನು ಮರೆತೆ. ನನ್ನ ತಪ್ಪು," ಎಂದರು. ಅಕ್ಕ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬ್ರೆಡಾ ಕುರ್ಚಿಯಲ್ಲಿ ಅಲುಗಾಡುತ್ತಾ ಸಂಜೆಯವರೆಗೂ ಕೂತಿದ್ದಳು. ಆಮೇಲೆ, "ಆ ಕಾರಲ್ಲಿ ನಾನು ಹೋಗಲ್ಲ. ಕೆಲಸ ಬೇಡ ಅಂತ ಬರೆದು ಹಾಕ್ತೀನಿ," ಎಂದಳು. ಆರು ವರ್ಷ ಕಾದ ಕೆಲಸ.

ಭಾವ ಹೊಸ ಬೋಲ್ಟು ತಂದರು. ಗ್ಯಾರೇಜಿಗೆ ಹೋಗಿ ಚಕ್ರ ಕೂರುವ ಹಬ್ಬು, ರಿಮ್ಮು, ಬ್ರೇಕು ಎಲ್ಲ ಪರೀಕ್ಷೆ ಮಾಡಿಸಿ, ಎಡ ಹಿಂದಿನ ರಿಮ್ಮಿನ ತೂತು ಅಗಲವಾಗಿದೆ ಎಂದಾಗ ಹೊಸ ರಿಮ್ಮನ್ನೇ ಹಾಕಿಸಿದರು. ಹೊಸದು! ಅಂಗಡಿಯದು! ಜೂಟರ್‌ಮೀರ್‌ನ ಟೈರನ್ನು ಬಿಡದೆ ಅದಕ್ಕೇ ಏರಿಸಿದರು. ಮತ್ತೆ ದಿನಾ ಬೆಳಿಗ್ಗೆ ಆರು ಗಂಟೆಗೆ ವ್ರೆಂಚು ಹಿಡಿದು ಹೊರಗೆ ಹೋಗತೊಡಗಿದರು. ಇಪ್ಪತ್ತು ಬೋಲ್ಟು, ಇಪ್ಪತ್ತು ಕ್ಲಿಕ್.

"ಆ ಬೋಲ್ಟುಗಳಿಗೂ ಉಸಿರಾಡೋಕೆ ಬಿಡ್ರೀ," ಎಂದು ಕೊನೆಗೆ ಅಕ್ಕನೇ ನಕ್ಕಳು. ಆದರೆ ಅಡುಗೆಮನೆಯಲ್ಲಿ ನಿಂತು ಎಣಿಸುತ್ತಿದ್ದಳು, ಒಂದು ರಾತ್ರಿ ಅಲ್ಲೇ ಉಳಿದಾಗ ನಾನು ನೋಡಿದ್ದೇನೆ.

ನನಗೆ ನಿದ್ದೆ ಬರುತ್ತಿರಲಿಲ್ಲ. ಐಂಡ್‌ಹೋವನ್‌ನ ನನ್ನ ಕೋಣೆಯ ಮೇಲ್ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗಿದರೂ ಡಬ್ ಡಬ್ ಎನ್ನುತ್ತಿತ್ತು. ಕಣ್ಣು ಮುಚ್ಚಿದರೆ ಲಾರಿಯ ಹತ್ತು ಬೋಲ್ಟು. ಒಂದು ದಿನ ಭಾವನಿಗೆ ಬಾಯಿತಪ್ಪಿ ಹೇಳಿದೆ, ಬೆಳಗಿನ ಜಾವ ಎಚ್ಚರವಾಗಿಬಿಡುತ್ತೆ ಎಂದು. ಮಾರನೆಯ ಬೆಳಿಗ್ಗೆ ಆರೂ ಹತ್ತಕ್ಕೆ ಫೋನಿಗೊಂದು ಧ್ವನಿ ಸಂದೇಶ. ಮಾತಿಲ್ಲ. ಕ್ಲಿಕ್, ಕ್ಲಿಕ್, ಕ್ಲಿಕ್. ಎಣಿಸಿದೆ, ಇಪ್ಪತ್ತು. ಅದರ ಮಾರನೆಯ ದಿನವೂ. ದಿನವೂ. ಊರಲ್ಲಿ ಅಮ್ಮ ಸುಪ್ರಭಾತ ಹಾಕುತ್ತಿದ್ದ ಹೊತ್ತಿಗೆ ನನಗಿಲ್ಲಿ ಬೋಲ್ಟುಗಳ ಸುಪ್ರಭಾತ. ಭಾವನಿಗೆ ಪೂರ್ತಿ ತಲೆ ಕೆಟ್ಟಿತು ಎಂದು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಕೇಳಿಸಿ ನಗಿಸಿದೆ. ಕೇಳದೆ ಹಾಸಿಗೆಯಿಂದ ಏಳುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಅವರಿಗೆ ಹೇಳಲಿಲ್ಲ.

ಇನ್ನೊಂದು ವಿಷಯವನ್ನೂ ನಾನು ಹೇಳಿಲ್ಲ. ನಿಮಗೂ ಹೇಳಿಲ್ಲ.

ಅವತ್ತು ವ್ರೆಂಚು ತಾನಾಗಿ ಪೂಜೆಗೆ ಹೋಗಲಿಲ್ಲ. ಅಕ್ಕ ಕೂಗಿದಾಗ ಒಳಗೆ ಒಯ್ದವಳು ನಾನು. ಭಾವ ನಾಲ್ಕನೆಯ ಚಕ್ರದ ಮುಂದೆ ಮಂಡಿಯೂರಿ ಕೂತು, "ಡಾಕ್ಟ್ರಮ್ಮ, ವ್ರೆಂಚ್ ಕೊಡು, ಇದೊಂದು ಬಾಕಿ," ಎಂದು ಕೂಗಿದರು. ನಾನು ಬಾಗಿಲಲ್ಲಿ ನಿಂತು, "ಕುಂಕುಮ ಬಿತ್ತು ಭಾವ, ಇವತ್ತು ಅದಕ್ಕೆ ರಜ, ಮುಟ್ಟೋ ಹಾಗಿಲ್ಲ," ಎಂದೆ. ತಮಾಷೆಗೆ. ಅವರ ನಂಬಿಕೆಯನ್ನು ಅವರಿಗೇ ತಿರುಗಿಸಿ ಗೆದ್ದ ಖುಷಿಗೆ. ಅವರು ನಕ್ಕು, "ಹೌದಲ್ಲ, ಡಿಕ್ಕಿಯಲ್ಲಿರೋ ಹಳೇ ಸ್ಪ್ಯಾನರಿಂದ ಒಂದು ಸಲ ತಿರುಗಿಸಿಬಿಡ್ತೀನಿ," ಎಂದು ಡಿಕ್ಕಿಯ ಕಡೆ ತಿರುಗಿದರು. ಅಷ್ಟರಲ್ಲಿ ಪುಟ್ಟಿ ನಿಂಬೆಹಣ್ಣು ತಂದಳು. ಜಾಕು ಇಳಿಯಿತು.

"ನಾನು ಮರೆತೆ" ಎಂದು ಅಕ್ಕನ ಮುಂದೆ ಅವರು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಅವರೂ ನನ್ನ ಕಡೆ ನೋಡಲಿಲ್ಲ, ಅವತ್ತೂ, ಆಮೇಲೂ.

ಅಕ್ಕ ಕೆಲಸ ಬೇಡ ಎಂದು ಬರೆಯಬೇಕೆಂದಿದ್ದ ದಿನ ಬಂತು. ಸೋಮವಾರ. ನಾನು ವಿಶ್ವವಿದ್ಯಾಲಯಕ್ಕೆ ಹೋಗದೆ ಬೆಸ್ಟ್‌ಗೆ ಹೋದೆ. ಅಕ್ಕ ಒಬ್ಬಳೇ ಇದ್ದಳು. ನಿಂತಲ್ಲೇ ಎಲ್ಲ ಹೇಳಿದೆ.

"ಗೊತ್ತು ಕಣೇ," ಎಂದಳು.

"ಭಾವ ಹೇಳಿದ್ರಾ?"

"ಅವರು ಸತ್ರೂ ಹೇಳಲ್ಲ. ನೀನೇ ಗ್ರೂಪಿಗೆ ಹಾಕಿದ್ದ ಫೋಟೋ ನೋಡು." ತೆಗೆದು ತೋರಿಸಿದಳು. ಮುಂದೆ ಕುಂಕುಮ ಹಚ್ಚಿಕೊಂಡ ವ್ರೆಂಚು. ಹಿಂದೆ ಕಿಟಕಿಯಲ್ಲಿ, ಚಿಕ್ಕದಾಗಿ, ಚಕ್ರದ ಮುಂದೆ ಮಂಡಿಯೂರಿ ಕೂತ ಭಾವ, ಕೈ ಚಾಚಿ ಏನೋ ಕೇಳುತ್ತಿದ್ದಾರೆ. "ಅವರು ಹೊರಗೆ, ವ್ರೆಂಚು ಒಳಗೆ. ಅದೇನು ನಡ್ಕೊಂಡು ಬಂತಾ? ಮತ್ತೆ ರಾಹುಕಾಲ ಅಂತ ಕೂಗಿ ಅವಸರ ಮಾಡಿದ್ದು ನಾನೇ. ಅದನ್ನ ಅವರು ಒಂದ್ಸಲಾನೂ ಎತ್ತಲಿಲ್ಲ."

ಅಕ್ಕ ಟಿಲ್ಬರ್ಗ್ ಕುರ್ಚಿ ಎಳೆದು ನನ್ನನ್ನು ಕೂರಿಸಿದಳು.

"ಮತ್ತೆ ಆ ಪತ್ರ?" ಎಂದೆ.

"ದಿನಾ ಬೆಳಿಗ್ಗೆ ಇಪ್ಪತ್ತು ಎಣಿಸಿ ಎಣಿಸಿ ಬರೆಯೋಕೇ ಆಗ್ಲಿಲ್ಲ," ಎಂದಳು ಅಕ್ಕ. "ಹತ್ತೊಂಬತ್ತಕ್ಕೆ ನಿಂತಿದ್ರೆ ಬರೀತಿದ್ದೆ."

ಮರುವಾರ ಅಕ್ಕ ಕೆಲಸಕ್ಕೆ ಸೇರಿದಳು. ಮೊದಲ ದಿನ, ಮಂಗಳವಾರ ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಬಿಳಿಯ ಇಬ್ಬನಿ ಗಟ್ಟಿಯಾಗಿತ್ತು. ಸಂಜೆ ಆರಕ್ಕೆ ಗುಡ್ಡದೂರಿನಿಂದ ಕಾರು ಮನೆಯ ಮುಂದೆ ಬಂದು ನಿಂತಾಗ ನಾವು ಮೂವರೂ ಕಿಟಕಿಯಲ್ಲಿದ್ದೆವು. ಅಕ್ಕ ಇಳಿದು, ಎಡ ಹಿಂದಿನ ಚಕ್ರವನ್ನು ಬೂಟಿನ ತುದಿಯಿಂದ ಒಮ್ಮೆ ತಟ್ಟಿ, "ಗುಡ್ಡ ಅಂದ್ರೆ ಗುಡ್ಡ ಏನಲ್ಲ, ನಮ್ಮ ಚಾಮುಂಡಿಬೆಟ್ಟದ ಒಂದು ಮೆಟ್ಟಿಲು," ಎಂದಳು. ಊಟ ಮಾಡಿ ನಾನು ಸೈಕಲ್ ತುಳಿದುಕೊಂಡು ಕೋಣೆಗೆ ಬಂದೆ.

ಮರುದಿನ ಕಣ್ಣು ಬಿಟ್ಟಾಗ ಒಂಬತ್ತೂಕಾಲು. ಕಿಟಕಿಯ ತುಂಬ ಬೆಳಕು. ಫೋನಿನಲ್ಲಿ ಭಾವನ ಎರಡು ಸಂದೇಶ. ಒಂದು ಬೆಳಗಿನ ಜಾವದ್ದು, ಅಕ್ಕ ಹೊರಡುವ ಮುಂಚಿನ ಇಪ್ಪತ್ತು ಕ್ಲಿಕ್. ಇನ್ನೊಂದು ಎಂಟು ಗಂಟೆಯದು:

"ಡಾಕ್ಟ್ರಮ್ಮ, ಇನ್ನೂ ಕೇಳಿಲ್ಲ ಅಂತ ತೋರಿಸ್ತಿದೆ. ನಿದ್ದೆ ಬಂತು ತಾನೆ? ಹಾಗಾದ್ರೆ ಇವತ್ತು ರಾತ್ರಿಯಿಂದ ನಾನೂ ಮಲಗ್ತೀನಿ."